ಕಾರು ಅಪ್ಪನದು, ಕಲಿಯೋದು ಮಗ. ಇನ್ಶೂರೆನ್ಸ್ ಯಾರಿಗೆ?

ಅಡಿಕೆ ಕೊಯ್ಲು ಮುಗಿದು ಮಂಡಿಯಿಂದ ದುಡ್ಡು ಕೈಗೆ ಬರುವ ಹೊತ್ತಿಗೆ ನಮ್ಮ ಕಡೆ ಶಾಲೆ ಮೈದಾನಗಳಲ್ಲಿ ಸಂಜೆ ಹೊತ್ತು ಕಾರುಗಳು ಸುತ್ತು ಹಾಕುತ್ತವೆ. ಸಾಗರದ ತಾಳಗುಪ್ಪ ಇರಲಿ, ಹೊಸನಗರದ ರಿಪ್ಪನ್‌ಪೇಟೆ ಇರಲಿ, ತೀರ್ಥಹಳ್ಳಿಯ ಕೋಣಂದೂರು ಇರಲಿ, ನೋಟ ಒಂದೇ. ಹಳೇ ಆಲ್ಟೋ ಅಥವಾ ಓಮ್ನಿ, ಸ್ಟೀರಿಂಗ್ ಹಿಡಿದು ಬೆವರುವ ಹುಡುಗ, ಪಕ್ಕದಲ್ಲಿ ಕೂತು "ಕ್ಲಚ್ ನಿಧಾನ ಬಿಡು ಮಾರಾಯ" ಎನ್ನುವ ಅಪ್ಪ ಅಥವಾ ಚಿಕ್ಕಪ್ಪ, ಹಿಂದಿನ ಸೀಟಲ್ಲಿ ಮಜಾ ನೋಡುವ ಎರಡು ಮಕ್ಕಳು. ಕಾರಿನ ಮುಂದೆ ಹಿಂದೆ ಎಲ್ ಬೋರ್ಡ್ ಮಾತ್ರ ಕಾಣುವುದಿಲ್ಲ. ಹುಡುಗನ ಹತ್ತಿರ ಎಲ್ಎಲ್ ಕೂಡ ಬಹಳ ಸಲ ಇರುವುದಿಲ್ಲ.

"ಮೊದಲು ಕಲೀಲಿ, ಆಮೇಲೆ ಲೈಸೆನ್ಸ್ ಮಾಡಿಸಿದರಾಯ್ತು." ಇದು ನಮ್ಮೂರಿನ ಲೆಕ್ಕ. ಈ ಲೆಕ್ಕ ತಲೆಕೆಳಗಾಗಿದೆ ಎನ್ನುವುದು ನಮ್ಮ ವಾದ.

ಹಾಗಂತ ಮನೆ ಕಾರಲ್ಲಿ ಕಲಿಯಬೇಡಿ ಅಂತ ನಾವು ಹೇಳುತ್ತಿಲ್ಲ. ಕಲಿಯಲೇಬೇಕು. ಸಂಜೆಯ ಕೊನೇ ಬಸ್ಸು ಹೋದಮೇಲೆ ಬೆಳಗಿನವರೆಗೆ ಬೇರೆ ದಾರಿಯಿಲ್ಲದ ಊರುಗಳು ಈ ಮೂರೂ ತಾಲ್ಲೂಕಲ್ಲಿ ಬೇಕಾದಷ್ಟಿವೆ. ರಾತ್ರಿ ಹೊತ್ತು ಯಾರಿಗಾದರೂ ಹುಷಾರು ತಪ್ಪಿದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಬೇಕು. ಮನೆಯಲ್ಲಿ ಡ್ರೈವಿಂಗ್ ಬರುವುದು ಒಬ್ಬರಿಗೆ ಮಾತ್ರ, ಎದೆನೋವು ಬಂದಿದ್ದೂ ಅವರಿಗೇ ಅಂದುಕೊಳ್ಳಿ. ಅಂಗಳದಲ್ಲಿ ಕಾರು ನಿಂತಿದೆ, ಕೀಲಿ ಮೊಳೆಗೆ ನೇತಾಡುತ್ತಿದೆ, ಓಡಿಸುವವರಿಲ್ಲ. ಹಾಗಾಗಿ ಮನೆಯಲ್ಲಿ ಇಬ್ಬರಿಗಾದರೂ ಕಾರು ಓಡಿಸಲು ಬರಲಿ ಎನ್ನುವುದು ನಮ್ಮ ಆಸೆ. ಆ ಎರಡನೆಯವರು ಅಮ್ಮನೋ ಸೊಸೆಯೋ ಆದರೆ ಇನ್ನೂ ಒಳ್ಳೆಯದು, ಏಕೆಂದರೆ ಓದು, ಕೆಲಸ ಅಂತ ಊರು ಬಿಡುವ ಮಗನಿಗಿಂತ ಮನೆಯಲ್ಲಿ ಉಳಿಯುವವರು ಅವರೇ.

ಈ ವಿಷಯ ತೆಗೆದರೆ ಎರಡು ಥರದ ಉತ್ತರ ಕೇಳಿಬರುತ್ತದೆ. ಒಂದು ಕಡೆಯವರು, "ಇನ್ಶೂರೆನ್ಸ್ ಅಪ್ಪನ ಹೆಸರಲ್ಲಿದೆ, ಮಗ ಮುಟ್ಟಿದರೆ ಅದು ಕ್ಯಾನ್ಸಲ್" ಅನ್ನುತ್ತಾರೆ. ಇನ್ನೊಂದು ಕಡೆಯವರು, "ಫುಲ್ ಇನ್ಶೂರೆನ್ಸ್ ಇದೆಯಲ್ಲ, ಏನಾದರೂ ಕಂಪನಿ ಕೊಡ್ತದೆ" ಅನ್ನುತ್ತಾರೆ. ಎರಡೂ ಸುಳ್ಳು. ಮೊದಲನೆಯದು ಹೆದರಿಸಿ ಕಲಿಯದಂತೆ ಮಾಡುತ್ತದೆ, ಎರಡನೆಯದು ತೋಟಕ್ಕೇ ಕುತ್ತು ತರುತ್ತದೆ.

ಇಂಗ್ಲೆಂಡಿನಂಥ ದೇಶಗಳಲ್ಲಿ ಇನ್ಶೂರೆನ್ಸ್ ಓಡಿಸುವ ಮನುಷ್ಯನ ಬೆನ್ನಿಗಿರುತ್ತದೆ. ಅಲ್ಲಿ ಮಗ ಅಪ್ಪನ ಕಾರಲ್ಲಿ ಕಲಿಯಬೇಕಾದರೆ ಅವನ ಹೆಸರನ್ನು ಪಾಲಿಸಿಗೆ ಸೇರಿಸಬೇಕು, ಇಲ್ಲವೇ ಬೇರೆ ಪಾಲಿಸಿ ಮಾಡಿಸಬೇಕು, ಅದಕ್ಕೆ ದುಡ್ಡೂ ಬೇರೆ. ಯೂಟ್ಯೂಬಿನಲ್ಲಿ ಕಾಣುವ ಎಷ್ಟೋ ಸಲಹೆಗಳು ಆ ದೇಶದವು, ನಮಗೆ ಹೊಂದುವುದಿಲ್ಲ. ನಮ್ಮಲ್ಲಿ ಇನ್ಶೂರೆನ್ಸ್ ಇರುವುದು ಗಾಡಿಗೆ. ಯಾರು ಓಡಿಸಬಹುದು ಎಂದು ಪಾಲಿಸಿಯಲ್ಲೇ ಒಂದು ಷರತ್ತು ಬರೆದಿರುತ್ತದೆ. ನಾವು ನಮ್ಮ ನಮ್ಮ ಮನೆಯ ಪಾಲಿಸಿಗಳನ್ನು ಮೊಬೈಲಲ್ಲಿ ತೆರೆದು ಓದಿದೆವು. ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಪುಟದ ಕೆಳಗೆ, ಡ್ರೈವರ್ಸ್ ಕ್ಲಾಸ್ ಎಂಬ ತಲೆಬರಹದಲ್ಲಿ ಅದು ಸಿಗುತ್ತದೆ. ಅದರ ಸಾರ ಇಷ್ಟು: ಮಾಲೀಕರೂ ಸೇರಿ ಯಾರು ಬೇಕಾದರೂ ಓಡಿಸಬಹುದು, ಆದರೆ ಅಪಘಾತದ ಹೊತ್ತಿಗೆ ಅವರ ಹತ್ತಿರ ಚಾಲ್ತಿಯಲ್ಲಿರುವ ಡಿಎಲ್ ಇರಬೇಕು. ಎಲ್ಎಲ್ ಇದ್ದವರೂ ಓಡಿಸಬಹುದು, ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮವನ್ನು ಅವರು ಪಾಲಿಸುತ್ತಿರಬೇಕು.

ಅಂದರೆ ಮಗನ ಹೆಸರನ್ನು ಎಲ್ಲೂ ಸೇರಿಸಬೇಕಿಲ್ಲ, ಹೆಚ್ಚು ಪ್ರೀಮಿಯಂ ಕಟ್ಟಬೇಕಿಲ್ಲ. ಎಲ್ಎಲ್ ಒಂದು ಮಾಡಿಸಿ, 3ನೇ ನಿಯಮ ಪಾಲಿಸಿದರೆ ಅಪ್ಪನ ಇನ್ಶೂರೆನ್ಸಿನ ಕೆಳಗೇ ಅವನು ಕಲಿಯಬಹುದು.

ಆ 3ನೇ ನಿಯಮದಲ್ಲಿ ದೊಡ್ಡದೇನೂ ಇಲ್ಲ. ಕಲಿಯುವವರ ಹತ್ತಿರ ಅವಧಿ ಮುಗಿಯದ ಎಲ್ಎಲ್ ಇರಬೇಕು. ಪಕ್ಕದಲ್ಲಿ, ಅದೇ ಥರದ ಗಾಡಿಯ ಡಿಎಲ್ ಇರುವವರು, ಬೇಕಾದರೆ ಗಾಡಿ ನಿಲ್ಲಿಸಲು ಆಗುವ ಹಾಗೆ ಕೂತಿರಬೇಕು. ಮುಂದೆ ಮತ್ತು ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಇರಬೇಕು. ಹಲಗೆ 18 ಸೆಂಟಿಮೀಟರ್ ಚೌಕ, ಅಕ್ಷರದ ಎತ್ತರ 10 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ. ಮನೆಯಲ್ಲೇ ರಟ್ಟು ಕತ್ತರಿಸಿ ಕೆಂಪು ಬಣ್ಣದಲ್ಲಿ ಬರೆದು ಅಂಟಿಸಿದರೂ ಆಯಿತು. ಇದಕ್ಕೆ ನಮ್ಮ ಹುಡುಗರಿಗೆ ಯಾಕೆ ಅಷ್ಟು ನಾಚಿಕೆಯೋ ಗೊತ್ತಿಲ್ಲ. ಗೇರು ಕಿರುಗುಟ್ಟಿಸಿ ಇಡೀ ಪೇಟೆ ತಿರುಗಿ ನೋಡುವ ಹಾಗೆ ಮಾಡುವುದಕ್ಕೆ ನಾಚಿಕೆಯಿಲ್ಲ, ಎಲ್ ಬೋರ್ಡಿಗೆ ನಾಚಿಕೆ!

ಪಕ್ಕದಲ್ಲಿ ಕೂರುವವರಿಗೆ ಒಂದು ಮಾತು. ಡ್ರೈವಿಂಗ್ ಸ್ಕೂಲಿನ ಕಾರಲ್ಲಿ ಕಲಿಸುವವರ ಕಾಲಡಿಗೂ ಬ್ರೇಕ್ ಇರುತ್ತದೆ. ಮನೆ ಕಾರಲ್ಲಿ ನಿಮಗಿರುವುದು ಹ್ಯಾಂಡ್‌ಬ್ರೇಕ್ ಮಾತ್ರ. ಕೈ ಅದರ ಹತ್ತಿರವೇ ಇರಲಿ, ಮೊಬೈಲ್ ಮೇಲಲ್ಲ. ಮೊದಲ ಹತ್ತು ದಿನ ಸ್ಕೂಲಿನ ಕಾರಲ್ಲಿ ಕಲಿತು, ಕೈ ಸ್ವಲ್ಪ ಪಳಗಿದ ಮೇಲೆ ಮನೆ ಕಾರಿಗೆ ಬರುವುದು ಒಳ್ಳೆಯದೆಂದು ನಮಗನ್ನಿಸುತ್ತದೆ. ಹುಲಿಕಲ್ ಘಾಟಿ, ಆಗುಂಬೆ ಘಾಟಿ ಕಲಿಯುವ ಜಾಗವಲ್ಲ ಎಂದು ಬೇರೆ ಹೇಳಬೇಕಿಲ್ಲ. ಮೊದಲು ಖಾಲಿ ಬೀಳುತ್ತಿದ್ದ ರಸ್ತೆಗಳೂ ಈಗ ಹಾಗಿಲ್ಲ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ, ಲಾಂಚಿಗೆ ಕಾದು ಒಂದೊಂದೇ ದಾಟುತ್ತಿದ್ದ ಗಾಡಿಗಳು ಸಾಲಾಗಿ ಬರುತ್ತವೆ. ಹೊರಗಿನವರಿಗೆ ನಮ್ಮ ತಿರುವುಗಳ ಪರಿಚಯವೂ ಇಲ್ಲ.

ನಮ್ಮಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. "ಬೈಕಿನ ಡಿಎಲ್ ಇದೆಯಲ್ಲ, ಅದೂ ಡಿಎಲ್ಲೇ" ಅನ್ನುತ್ತಾರೆ. ಕಾರಿಗೆ ಅದು ನಡೆಯುವುದಿಲ್ಲ. ಡಿಎಲ್ ಕಾರ್ಡಿನಲ್ಲಿ ಯಾವ ಥರದ ಗಾಡಿ ಎಂದು ಬರೆದಿರುತ್ತದೆ, ಅದರಲ್ಲಿ ಕಾರು ಇಲ್ಲದಿದ್ದರೆ ಕಾರಿನ ಮಟ್ಟಿಗೆ ನೀವು ಲೈಸೆನ್ಸ್ ಇಲ್ಲದವರು. ಬೈಕ್ ಓಡಿಸುವ ಹುಡುಗ ಕಾರು ಕಲಿಯುವಾಗ ಕಾರಿನ ಎಲ್ಎಲ್ ಬೇರೆ ಮಾಡಿಸಲೇಬೇಕು.

ಗದ್ದೆ ಕೊಯ್ದಾದ ಮೇಲೆ ಬಯಲಲ್ಲಿ ಕಲಿಸಿದರೆ ಲೈಸೆನ್ಸ್ ಬೇಡ ಎನ್ನುವವರೂ ಇದ್ದಾರೆ. ಪಾಲಿಸಿಯ ಷರತ್ತು ಓದಿ ನೋಡಿ. ಅದು ಓಡಿಸುವವರ ಲೈಸೆನ್ಸ್ ಕೇಳುತ್ತದೆ, ರಸ್ತೆಯೋ ಗದ್ದೆಯೋ ಎಂದು ಕೇಳುವುದಿಲ್ಲ. ಬಯಲಲ್ಲಿ ಕಾರು ಹಳ್ಳಕ್ಕೆ ಉರುಳಿದರೂ ಕ್ಲೇಮ್ ಫಾರಂನಲ್ಲಿ ಡ್ರೈವರ್ ಹೆಸರು, ಲೈಸೆನ್ಸ್ ನಂಬರು ಬರೆಯಬೇಕಾಗುತ್ತದೆ.

ಈಗ ತೋಟದ ಮಾತಿಗೆ ಬರೋಣ. ಎಲ್ಎಲ್ ಇಲ್ಲದ ಹುಡುಗ ದಾರಿಯಲ್ಲಿ ಹೋಗುತ್ತಿದ್ದವರಿಗೆ ಗುದ್ದಿ ಅವರು ಸತ್ತರು ಅಂದುಕೊಳ್ಳಿ. ಪರಿಹಾರವನ್ನು ನ್ಯಾಯಾಲಯ ಸತ್ತವರ ವಯಸ್ಸು, ದುಡಿಮೆ, ಅವರನ್ನು ನಂಬಿಕೊಂಡವರು ಎಷ್ಟು ಜನ ಎಂದು ನೋಡಿ ಲೆಕ್ಕ ಹಾಕುತ್ತದೆ. ದುಡಿಯುವ ಪ್ರಾಯದವರಾದರೆ ಮೊತ್ತ ಲಕ್ಷಗಳಲ್ಲಿ ಏರುತ್ತದೆ. ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ ಸ್ವರಣ್ ಸಿಂಗ್ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ ಈ ವಿಷಯವನ್ನು ಬಿಡಿಸಿ ಹೇಳಿದೆ. ಎಲ್ಎಲ್ ಕೂಡ ಲೈಸೆನ್ಸೇ, ಎಲ್ಎಲ್ ಇದ್ದವರು ಓಡಿಸುವಾಗ ಅಪಘಾತ ಆದರೆ ಕಂಪನಿ ಪರಿಹಾರ ಕಟ್ಟಬೇಕು ಎಂದಿತು. ಲೈಸೆನ್ಸೇ ಇಲ್ಲದವರ ಕೈಗೆ ಮಾಲೀಕರು ಗೊತ್ತಿದ್ದೂ ಗಾಡಿ ಕೊಟ್ಟಿದ್ದರೆ? ನೊಂದ ಕುಟುಂಬಕ್ಕೆ ಕಂಪನಿ ಮೊದಲು ದುಡ್ಡು ಕೊಟ್ಟು, ಆಮೇಲೆ ಅದನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳುವ ದಾರಿಯನ್ನು ಅದೇ ತೀರ್ಪು ಒಪ್ಪಿತು.

ಈ "ಆಮೇಲೆ ವಸೂಲಿ" ಎನ್ನುವುದು ನಮ್ಮ ಊರುಗಳಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಕಂಪನಿ ಕಟ್ಟಿತು, ಕೇಸು ಮುಗಿಯಿತು ಅಂತ ನೆಮ್ಮದಿಯಾಗಿರುವಾಗ ಮಾಲೀಕರ ಮನೆಗೆ ನೋಟೀಸು ಬರುತ್ತದೆ. ಮಾಲೀಕರು ಅಂದರೆ ಅಪ್ಪ. ಅಪ್ಪನ ಹತ್ತಿರ ಇರುವುದು ಒಂದೆರಡು ಎಕರೆ ಬಾಗಾಯ್ತು. ಎಲ್ಎಲ್‌ಗೆ ಕೇಂದ್ರದ ನಿಯಮದಲ್ಲಿರುವ ಶುಲ್ಕ 150 ರೂಪಾಯಿ, ಪರೀಕ್ಷೆಗೆ 50 ರೂಪಾಯಿ. ಇದನ್ನು ಉಳಿಸಲು ಹೋಗಿ ಅಜ್ಜನ ಕಾಲದ ತೋಟವನ್ನು ಪಣಕ್ಕಿಡುತ್ತಿದ್ದೇವೆ.

ಹೀಗಾದಾಗ ಊರಿನಲ್ಲಿ ನಡೆಯುವ ಇನ್ನೊಂದು ಕೆಲಸದ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಅಪಘಾತ ಆದ ಅರ್ಧ ಗಂಟೆಯಲ್ಲೇ "ಡ್ರೈವರ್ ಯಾರು ಅಂತ ಬರೆಸೋಣ" ಎಂಬ ಮಾತು ಶುರುವಾಗುತ್ತದೆ. ಲೈಸೆನ್ಸ್ ಇರುವ ಭಾವನೋ ಪಕ್ಕದ ಮನೆಯವರೋ ಮುಂದೆ ಬರುತ್ತಾರೆ. ಅದನ್ನು ಉಪಕಾರ ಎಂದು ತಿಳಿದವರಿದ್ದಾರೆ. ಆದರೆ ಸಾವಾಗಿದ್ದರೆ ಆ ಉಪಕಾರ ಮಾಡಿದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಬೀಳುತ್ತದೆ, 5 ವರ್ಷದವರೆಗೆ ಜೈಲು ಆಗಬಹುದಾದ ಕಲಂ ಅದು. ಈಗ ಪೆಟ್ರೋಲ್ ಬಂಕಿನಲ್ಲಿ ಸಿಸಿಟಿವಿ ಇದೆ, ದಾರಿಹೋಕರ ಮೊಬೈಲಲ್ಲಿ ವಿಡಿಯೋ ಇದೆ, ಆಸ್ಪತ್ರೆಯ ಚೀಟಿಯಲ್ಲಿ "ಕಾರು ಓಡಿಸುವಾಗ ಪೆಟ್ಟಾಯಿತು" ಎಂದು ಹುಡುಗನೇ ಹೇಳಿದ್ದು ದಾಖಲಾಗಿರುತ್ತದೆ. ಸುಳ್ಳು ಹೊರಬಿದ್ದರೆ ಕ್ಲೇಮೂ ಹೋಯಿತು, ಭಾವನೂ ಸಿಕ್ಕಿಬಿದ್ದ.

ಇಲ್ಲಿಯವರೆಗೆ ಹೇಳಿದ್ದು ಹೊರಗಿನವರಿಗೆ ಆಗುವ ನಷ್ಟದ ವಿಷಯ. ಕಾರಿನ ಒಳಗೆ ಕೂತವರ ಗತಿ ಏನು?

ಹಳೇ ಕಾರಿಗೆ ನಮ್ಮಲ್ಲಿ ಹೆಚ್ಚಿನವರು ಬರೀ ಥರ್ಡ್ ಪಾರ್ಟಿ ಮಾಡಿಸುತ್ತಾರೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 1000 ಸಿಸಿ ಒಳಗಿನ ಕಾರಿಗೆ ಅದು 2,094 ರೂಪಾಯಿ, 1500 ಸಿಸಿ ಒಳಗಿನದಕ್ಕೆ 3,416 ರೂಪಾಯಿ, ತೆರಿಗೆ ಬೇರೆ. ಕಾನೂನಿಗೆ ಅಷ್ಟು ಸಾಕು. ಆದರೆ ಸ್ವಂತ ಕಾರಲ್ಲಿ ಸುಮ್ಮನೆ ಕೂತು ಹೊರಟ ಮನೆಯವರು ಆ ಪಾಲಿಸಿಯ ಲೆಕ್ಕದಲ್ಲಿ ಥರ್ಡ್ ಪಾರ್ಟಿ ಅಲ್ಲ. ಹಿಂದಿನ ಸೀಟಲ್ಲಿ ಮಜಾ ನೋಡುವ ಆ ಎರಡು ಮಕ್ಕಳಿಗೆ ಅದರಿಂದ ಏನೂ ಸಿಗುವುದಿಲ್ಲ. ಪ್ಯಾಕೇಜ್ ಪಾಲಿಸಿ, ಅಂದರೆ ನಮ್ಮವರು ಫುಲ್ ಇನ್ಶೂರೆನ್ಸ್ ಎನ್ನುವುದು ಇದ್ದರೆ, ಒಳಗೆ ಕೂತವರಿಗೂ ರಕ್ಷಣೆ ಇದೆ. ಮನೆಯಲ್ಲಿ ಯಾರಾದರೂ ಕಲಿಯುವ ವರ್ಷವಾದರೂ ಪ್ಯಾಕೇಜ್ ಮಾಡಿಸಿ ಎನ್ನುತ್ತೇವೆ. ಹೊಸ ಕಾರು ತೆಗೆದವರು ಇನ್ನೊಂದು ನೋಡಿಕೊಳ್ಳಿ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ, ಆದರೆ ಸ್ವಂತ ಕಾರಿನ ನಷ್ಟದ ಭಾಗ ಎಷ್ಟೋ ಪಾಲಿಸಿಗಳಲ್ಲಿ ಒಂದೇ ವರ್ಷದ್ದು. ಮೂರು ವರ್ಷಕ್ಕೂ ಎಲ್ಲಾ ಇದೆ ಅಂತ ತಿಳಿದು ಕೂತವರು ಪಾಲಿಸಿ ತೆರೆದು ಎರಡು ತಾರೀಖನ್ನೂ ನೋಡಿ.

ಸ್ಟೀರಿಂಗ್ ಹಿಡಿದ ಮಗನ ಕಥೆ ಇನ್ನೂ ಬೇರೆ. ಪಾಲಿಸಿಯಲ್ಲಿ 15 ಲಕ್ಷದ ಪಿಎ ಕವರ್ ಎಂದಿರುತ್ತದೆ. ಅದು ಓನರ್-ಡ್ರೈವರ್‌ಗೆ ಮಾತ್ರ. ಆರ್‌ಸಿಯಲ್ಲಿ ಹೆಸರಿರುವ, ಡಿಎಲ್ ಇರುವ ಮಾಲೀಕರು ಓಡಿಸುವಾಗ ಅಥವಾ ಕೋ-ಡ್ರೈವರ್ ಆಗಿ ಪಕ್ಕದಲ್ಲಿ ಕೂತಾಗ ಅವರಿಗದು ಅನ್ವಯಿಸುತ್ತದೆ. ಮಗನಿಗೆ ಅಲ್ಲ. ಬೇರೆಯವರ ಗಾಡಿ ಪಡೆದು ಓಡಿಸುವವರು ಮಾಲೀಕರ ಜಾಗದಲ್ಲಿ ನಿಂತಂತೆ, ತನ್ನದೇ ಗಾಡಿಯ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು ನಮ್ಮದೇ ರಾಜ್ಯದ ಪ್ರಕರಣದಲ್ಲಿ. ಪರಿಚಯದವರ ಬೈಕ್ ಪಡೆದು ಇಳಕಲ್‌ನಿಂದ ಊರಿಗೆ ಹೊರಟವರೊಬ್ಬರು ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಗೆ ಗುದ್ದಿ ತೀರಿಕೊಂಡಿದ್ದರು. ಅಪ್ಪನ ಕಾರು ಓಡಿಸುವ ಮಗನಿಗೂ ಈ ತತ್ವವೇ.

ಇದಕ್ಕೆ ದಾರಿ ಇಲ್ಲದಿಲ್ಲ. ಪ್ಯಾಕೇಜ್ ಪಾಲಿಸಿಯಲ್ಲಿ ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿ, ಹೆಸರು ಹೇಳಿ ಮನೆಯವರಿಗೆ ಪಿಎ ಕವರ್ ಸೇರಿಸಲು ಅವಕಾಶ ಇದೆ. ನವೀಕರಣದ ಹೊತ್ತಿಗೆ ಏಜೆಂಟರನ್ನು ಬಾಯಿ ಬಿಟ್ಟು ಕೇಳಬೇಕು, ಅವರಾಗಿ ಹೇಳುವುದು ಕಡಿಮೆ. ಇದಲ್ಲದೆ 18ರಿಂದ 70 ವರ್ಷದವರಿಗೆ ಬ್ಯಾಂಕಿನಲ್ಲೇ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ದೊಡ್ಡ ಮೊತ್ತ ಅಲ್ಲ, ಆದರೆ ಒಂದು ಚಹಾ-ಬನ್ನಿನ ದುಡ್ಡಿಗೆ ಬರುವುದನ್ನು ಬಿಡುವುದು ಯಾಕೆ?

ಕಾರು ಯಾರ ಹೆಸರಲ್ಲಿದೆ ಎನ್ನುವುದೂ ನಮ್ಮ ಕಡೆ ದೊಡ್ಡ ಗೊಂದಲ. ತೀರಿಹೋದ ಅಜ್ಜನ ಹೆಸರಲ್ಲೇ ವರ್ಷಗಟ್ಟಲೆ ಓಡುವ ಕಾರುಗಳಿವೆ. ಮಾಲೀಕರು ತೀರಿಕೊಂಡರೆ ಅವರ ಕಾರಿನ ಪಾಲಿಸಿ 3 ತಿಂಗಳು ಮಾತ್ರ ನಡೆಯುತ್ತದೆ, ಅಷ್ಟರೊಳಗೆ ಅವಧಿ ಮುಗಿದರೆ ಅಲ್ಲಿಗೇ ನಿಂತಿತು. ತಿಥಿ ಕರ್ಮಾಂತರದ ಗಡಿಬಿಡಿಯಲ್ಲಿ ಆರ್‌ಸಿ ಯಾರಿಗೆ ನೆನಪಾಗುತ್ತದೆ ಹೇಳಿ. ಆದರೂ ಮೂರು ತಿಂಗಳೊಳಗೆ ಹೆಸರು ಬದಲಾಯಿಸಲೇಬೇಕು. ಸೆಕೆಂಡ್ ಹ್ಯಾಂಡ್ ಕಾರು ತಂದವರು 14 ದಿನದೊಳಗೆ ಇನ್ಶೂರೆನ್ಸನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಮಾರಿದವರೂ ಸುಮ್ಮನಿರುವ ಹಾಗಿಲ್ಲ. ಆರ್‌ಸಿಯಲ್ಲಿ ಹೆಸರಿದ್ದವರೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೆಎ-15ರ ಕಾರನ್ನು ಎಂದೋ ಮಾರಿ ಮರೆತವರಿಗೆ, ಅದರಲ್ಲಿ ಯಾರದೋ ಮಗ ಕಲಿಯುವಾಗ ಆದ ಅಪಘಾತದ ನೋಟೀಸು ಬರಬಹುದು. ಇನ್ನು ಪ್ರೀತಿಗೋ ಸಾಲದ ಅನುಕೂಲಕ್ಕೋ ಅಮ್ಮನ ಹೆಸರಲ್ಲಿ ಕಾರು ತೆಗೆದ ಮನೆಗಳಿವೆ. ಅಮ್ಮನಿಗೆ ಡಿಎಲ್ ಇಲ್ಲದಿದ್ದರೆ ಆ 15 ಲಕ್ಷದ ಪಿಎ ಕವರ್ ಯಾರಿಗೂ ಇಲ್ಲದಂತಾಗುತ್ತದೆ. ಅಮ್ಮನಿಗೇ ಡ್ರೈವಿಂಗ್ ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

18 ತುಂಬದ ಮಕ್ಕಳಿಗೆ ಕಾರು ಕೊಡುವ ಮಾತೇ ಬೇಡ. ಅವರಿಗೆ ಕಾರಿನ ಎಲ್ಎಲ್ ಸಿಗುವುದಿಲ್ಲ, ಹಾಗಾಗಿ ಮೇಲೆ ಹೇಳಿದ ಯಾವ ದಾರಿಯೂ ಇಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಮಗುವಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ.

ಸಣ್ಣ ಪೆಟ್ಟಿನ ವಿಷಯಕ್ಕೊಂದು ಕಿವಿಮಾತು. ಕಲಿಯುವವರು ದಣಪೆಗೆ ಗುದ್ದುತ್ತಾರೆ, ಬಂಪರ್ ಒಡೆಯುತ್ತಾರೆ, ಇದು ಇದ್ದದ್ದೇ. ಅದಕ್ಕೆಲ್ಲ ಕ್ಲೇಮ್ ಮಾಡಬೇಡಿ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ 1,000 ರೂಪಾಯಿ ನೀವೇ ಕೊಡಬೇಕು. ಅದರ ಮೇಲೆ ಕ್ಲೇಮ್ ಮಾಡದವರಿಗೆ ಸಿಗುವ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಐದು ವರ್ಷ ಕ್ಲೇಮ್ ಇಲ್ಲದೆ ಶೇಕಡ 50ಕ್ಕೆ ಬಂದ ಬೋನಸ್ಸನ್ನು ಒಂದು ಬಂಪರಿಗೆ ಕಳೆದುಕೊಳ್ಳುವುದು ಲುಕ್ಸಾನು.

ಇಷ್ಟೆಲ್ಲ ವಿಷಯವನ್ನು ಹೇಳಬೇಕಾದವರು ನಾವಲ್ಲ. ಪ್ರೀಮಿಯಂ ತೆಗೆದುಕೊಳ್ಳುವ ಕಂಪನಿಗಳು. ಸಾಗರದ ಹಳ್ಳಿಯವರಿಂದ ದುಡ್ಡು ಕಟ್ಟಿಸಿಕೊಳ್ಳುವಾಗ ಕನ್ನಡದಲ್ಲಿ ಮಾತಾಡುತ್ತಾರೆ, ಪಾಲಿಸಿ ಬರುವುದು ಮಾತ್ರ ಇಂಗ್ಲಿಷಿನ ಪಿಡಿಎಫ್. ಯಾರು ಓಡಿಸಬಹುದು, ಒಳಗೆ ಕೂತ ಯಾರಿಗೆ ರಕ್ಷಣೆ ಇದೆ, ಯಾವ ತಾರೀಖಿಗೆ ಏನು ಮುಗಿಯುತ್ತದೆ, ಇಷ್ಟನ್ನು ಕನ್ನಡದ ಒಂದೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಕೊಡುವುದು ಅವರಿಗೇನೂ ಕಷ್ಟವಲ್ಲ. ಅಷ್ಟರವರೆಗೆ ಏಜೆಂಟರಿಗೆ ನಮ್ಮ ಬೇಡಿಕೆ: ನವೀಕರಣಕ್ಕೆ ಫೋನ್ ಮಾಡಿದಾಗ "ಮನೆಯಲ್ಲಿ ಯಾರಾದರೂ ಡ್ರೈವಿಂಗ್ ಕಲಿಯುತ್ತಿದ್ದಾರಾ" ಎಂದು ಒಂದು ಮಾತು ಕೇಳಿ. ಗ್ರಾಮ ಪಂಚಾಯಿತಿಗಳೂ ಮನಸ್ಸು ಮಾಡಿದರೆ ಸ್ತ್ರೀಶಕ್ತಿ ಸಂಘದ ಸಭೆಯ ದಿನವೇ ಎಲ್ಎಲ್ ಅರ್ಜಿ ತುಂಬಿಸಬಹುದು. ಅರ್ಜಿ ಹಾಕುವುದು ಸಾರಥಿ ಜಾಲತಾಣದಲ್ಲಿ, ಒಂದು ಮೊಬೈಲ್ ಮತ್ತು ಬಳಸಲು ಗೊತ್ತಿರುವ ಒಬ್ಬ ಹುಡುಗಿ ಸಾಕು.

ಅರ್ಜಿ ಹಾಕುವ ಕಾಲವನ್ನೂ ನೋಡಿಕೊಳ್ಳಿ. ಎಲ್ಎಲ್‌ಗೆ 6 ತಿಂಗಳ ಆಯುಸ್ಸು, ಎಲ್ಎಲ್ ಸಿಕ್ಕ 30 ದಿನದ ನಂತರ ಡಿಎಲ್ ಪರೀಕ್ಷೆಗೆ ಹೋಗಬಹುದು. ಮೇ ತಿಂಗಳ ರಜೆಯಲ್ಲಿ ಎಲ್ಎಲ್ ಮಾಡಿಸಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಕಲಿಯುವುದು ಅಷ್ಟರಲ್ಲೇ ಇದೆ, ಮಳೆ ಬಿಟ್ಟು ಗದ್ದೆ ಒಣಗುವ ಹೊತ್ತಿಗೆ ಎಲ್ಎಲ್ ಮುಗಿದಿರುತ್ತದೆ. ದೀಪಾವಳಿ ಕಳೆದ ಮೇಲೆ ಮಾಡಿಸಿ. ಕೊಯ್ಲಿನ ನಡುವೆ ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡರೂ ಶಿವರಾತ್ರಿಯ ಹೊತ್ತಿಗೆ ಡಿಎಲ್ ಕೈಗೆ ಬರುತ್ತದೆ. ಎಲ್ಎಲ್, ಪಕ್ಕದಲ್ಲಿ ಕೂರುವವರ ಡಿಎಲ್, ಪಾಲಿಸಿ, ಈ ಮೂರರ ಫೋಟೋವನ್ನು ಕಲಿಯುವವರ ಮೊಬೈಲಿನಲ್ಲೂ ಕಲಿಸುವವರ ಮೊಬೈಲಿನಲ್ಲೂ ಇಟ್ಟುಕೊಂಡೇ ಕಾರು ಅಂಗಳದಿಂದ ಹೊರಡಲಿ.